ಪ್ರಶ್ನೋತ್ತರ: ಇನ್ನೆಷ್ಟು ಬ್ಯಾಂಡ್‌ವಿಡ್ತ್ ಬೇಕಾದೀತು?

ಇಂಟರ್‌ನೆಟ್ ಮತ್ತು ದೂರಸಂಪರ್ಕದ ಮುಂದಿನ ದಿನಗಳ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಕೇಳಿದ್ದೆವು. ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಇಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಶನ್ ವಿಭಾಗದ ಕೊನೆಯ ವರ್ಷದ ವಿದ್ಯಾರ್ಥಿ. ಕೃತಕ ಬುದ್ಧಿಮತ್ತೆಯಿಂದಾಗಿ ಬ್ಯಾಂಡ್‌ವಿಡ್ತ್ (ಸಂಪರ್ಕವೊಂದು ಸೆಕೆಂಡಿಗೆ ಒಯ್ಯಬಲ್ಲ ಡೇಟಾದ ಪ್ರಮಾಣ) ಬೇಡಿಕೆ ಹತ್ತು ವರ್ಷಗಳಲ್ಲಿ ನೂರು ಪಟ್ಟಾಗುತ್ತದೆ ಎಂದು ಕಾಲೇಜಿಗೆ ಬಂದಿದ್ದ ಅತಿಥಿಯೊಬ್ಬರು ಹೇಳಿದರು. ದೂರಸಂಪರ್ಕ ಕಂಪನಿಯಲ್ಲಿರುವ ನಮ್ಮ ಸಂಬಂಧಿಕರು, ಬೆಳವಣಿಗೆ ಆಗಲೇ ನಿಧಾನವಾಗಿದೆ, ಈ ಕ್ಷೇತ್ರ ಬೇಡ ಎನ್ನುತ್ತಾರೆ. ಯಾರ ಮಾತು ಸರಿ? (ನವನಗರ, ಬಾಗಲಕೋಟೆ)

ಉತ್ತರ: ಇಬ್ಬರೂ ಜಾಲದ ಬೇರೆ ಬೇರೆ ಭಾಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿರುವಂತೆ ತೋರುತ್ತದೆ. ಮೊದಲಿಗೆ, ಇಂಥ ಪ್ರತಿಯೊಂದು ಭವಿಷ್ಯವಾಣಿಯನ್ನೂ ವಾರ್ಷಿಕ ದರಕ್ಕೆ ಇಳಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹತ್ತು ವರ್ಷಗಳಲ್ಲಿ ನೂರು ಪಟ್ಟಾಗಬೇಕಾದರೆ ಬೇಡಿಕೆಯು ಒಂದು ವರ್ಷವೂ ತಪ್ಪದೆ ಸುಮಾರು ಶೇ 58ರಂತೆ ಏರುತ್ತಿರಬೇಕು. ಶೇ 20ರಂತೆ ಏರಿದರೆ ಅದು ಆರು ಪಟ್ಟಾಗುತ್ತದೆ, ಶೇ 14ರಂತೆ ಏರಿದರೆ ನಾಲ್ಕು ಪಟ್ಟೂ ಆಗುವುದಿಲ್ಲ.

ನಮ್ಮ ದೇಶದ ಮಟ್ಟಿಗೆ ನೂರು ಪಟ್ಟಿನ ಮಾತು ಅಸಂಭವವೆನಿಸದಿರಲು ಕಾರಣವೊಂದಿದೆ. ಸರ್ಕಾರದ ಅಂಕಿಗಳ ಪ್ರಕಾರ 2014ರ ಮಾರ್ಚ್‌ನಲ್ಲಿ ಮೊಬೈಲ್ ಡೇಟಾ ಬಳಸುವವರೊಬ್ಬರ ಸರಾಸರಿ ಬಳಕೆ ತಿಂಗಳಿಗೆ ಸುಮಾರು 62 ಎಂಬಿ ಇತ್ತು. ಹತ್ತೇ ವರ್ಷಗಳಲ್ಲಿ ಅದು 20 ಜಿಬಿಯನ್ನು ದಾಟಿತು. ಇದು ಮುನ್ನೂರು ಪಟ್ಟಿಗೂ ಹೆಚ್ಚು. ಆದರೆ ಈ ಏರಿಕೆ ಸಮನಾಗಿ ಹರಡಿಕೊಂಡಿರಲಿಲ್ಲ. ಅದರ ದೊಡ್ಡ ಜಿಗಿತ 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಸೇವೆ ಆರಂಭವಾದ ನಂತರದ ಎರಡು ಮೂರು ವರ್ಷಗಳಲ್ಲಿ ಕಂಡಿತು, ಮತ್ತು ಅದಕ್ಕೆ ಮುಖ್ಯ ಕಾರಣ ಬೆಲೆ. 2014ರಲ್ಲಿ ಒಂದು ಜಿಬಿಗೆ ಸುಮಾರು 269 ರೂಪಾಯಿ ಇದ್ದದ್ದು ಹತ್ತು ರೂಪಾಯಿಯ ಆಸುಪಾಸಿಗೆ ಇಳಿದಾಗ, ಅದುವರೆಗೆ ಡೇಟಾ ಎಣಿಸಿ ಎಣಿಸಿ ಬಳಸುತ್ತಿದ್ದವರು ಎಣಿಸುವುದನ್ನೇ ಬಿಟ್ಟರು. ಅಂಥ ಕುಸಿತ ಮತ್ತೊಮ್ಮೆ ಆಗುವಂತಿಲ್ಲ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರವನ್ನು ಏರಿಸಿವೆಯೇ ಹೊರತು ಇಳಿಸಿಲ್ಲ. ನೋಕಿಯಾ ಕಂಪನಿಯ ವಾರ್ಷಿಕ ವರದಿಯಂತೆ ಒಬ್ಬರ ತಿಂಗಳ ಸರಾಸರಿ 2023ರಲ್ಲಿ 24.1 ಜಿಬಿ, 2024ರಲ್ಲಿ 27.5 ಜಿಬಿ. ಎಂದರೆ ಏರಿಕೆ ಶೇ 14ರ ಆಸುಪಾಸು. ನಿಮ್ಮ ಸಂಬಂಧಿಕರು ಹೇಳುತ್ತಿರುವುದು ಇದನ್ನೇ.

ನಿಧಾನವಾಗಲು ಕಾರಣವೂ ಸರಳವಾಗಿದೆ. ಮೊಬೈಲ್ ದಟ್ಟಣೆಯ, ಎಂದರೆ ಜಾಲದಲ್ಲಿ ಹರಿಯುವ ಡೇಟಾದ, ಬಹುಭಾಗ ವಿಡಿಯೊ. ಅಂಗೈಯಗಲದ ಪರದೆಯಲ್ಲಿ ಸೆಕೆಂಡಿಗೆ ಒಂದೂವರೆ, ಎರಡು ಮೆಗಾಬಿಟ್‌ಗಿಂತ ಹೆಚ್ಚು ಸುರಿದರೂ ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ, ಮತ್ತು ಮನುಷ್ಯನಿಗೆ ದಿನಕ್ಕೆ ಇರುವುದು ಇಪ್ಪತ್ನಾಲ್ಕೇ ಗಂಟೆ. ದಿನಕ್ಕೆ ನಾಲ್ಕು ಗಂಟೆ ನೋಡುವವರ ತಿಂಗಳ ಲೆಕ್ಕ 80ರಿಂದ 110 ಜಿಬಿಯೊಳಗೆ ನಿಲ್ಲುತ್ತದೆ. ಇದೇ ವಿಡಿಯೊ ಮನೆಯ ದೊಡ್ಡ ಟಿವಿಗೆ ಹೋದಾಗ ಲೆಕ್ಕವೇ ಬದಲಾಗುತ್ತದೆ: 4ಕೆ ಚಿತ್ರಕ್ಕೆ ಸೆಕೆಂಡಿಗೆ 15 ಮೆಗಾಬಿಟ್ ಎಂದುಕೊಂಡರೆ ದಿನಕ್ಕೆ ಮೂರು ಗಂಟೆಯ ವೀಕ್ಷಣೆಗೆ ತಿಂಗಳಿಗೆ 600 ಜಿಬಿ ಬೇಕು. ಇನ್ನೊಂದು ಕಡೆ, ಯಾರೂ ನೋಡದಿದ್ದರೂ ಓಡುತ್ತಲೇ ಇರುವ ಯಂತ್ರಗಳಿವೆ. ಸಕ್ಕರೆ ಕಾರ್ಖಾನೆಯ ತೂಕದ ಸೇತುವೆಯ ಮೇಲಿಟ್ಟ ಒಂದು ಕ್ಯಾಮೆರಾ ಸೆಕೆಂಡಿಗೆ ಎರಡು ಮೆಗಾಬಿಟ್‌ನಂತೆ ಹಗಲಿರುಳು ದೂರದ ಸರ್ವರ್‌ಗೆ ಚಿತ್ರ ಕಳುಹಿಸಿದರೆ ಅದೂ ತಿಂಗಳಿಗೆ 600 ಜಿಬಿ ಮೀರುತ್ತದೆ. ಈಗ ಇಂಥ ಚಿತ್ರಗಳ ಬಹುಪಾಲು ಅಲ್ಲಿಯೇ ಇರುವ ರೆಕಾರ್ಡರ್‌ನಲ್ಲಿ ಉಳಿಯುತ್ತದೆ. ಅದು ಹೊರಗೆ ಹೊರಡಲು ಆರಂಭಿಸಿದರೆ ಇದುವರೆಗೆ ಬಿಡುವಾಗಿದ್ದ ಅಪ್‌ಲೋಡ್ ದಾರಿ ತುಂಬುತ್ತದೆ. ಆದ್ದರಿಂದ ಫೋನಿನ ಬೇಡಿಕೆ ಚಪ್ಪಟೆಯಾಗುತ್ತಾ ಬಂದರೂ ಮನೆ ಮತ್ತು ಕಾರ್ಖಾನೆಯ ಬೇಡಿಕೆ ಏರುವ ಹಾದಿ ಇನ್ನೂ ಉದ್ದವಿದೆ ಎಂಬುದು ನನ್ನ ಎಣಿಕೆ.

ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ನಿಮ್ಮ ಅತಿಥಿಗಳು ಎಲ್ಲಿಯ ಬೇಡಿಕೆ ಎಂಬುದನ್ನು ಸ್ಪಷ್ಟಪಡಿಸಬೇಕಿತ್ತು. ನೀವು ಟೈಪ್ ಮಾಡುವ ಪ್ರಶ್ನೆ ಮತ್ತು ಬರುವ ಉತ್ತರ ಕೆಲವು ಕಿಲೊಬೈಟ್‌ಗಳು ಮಾತ್ರ; ಒಂದು ನಿಮಿಷದ ವಿಡಿಯೊದ ಮುಂದೆ ಅದು ಏನೂ ಅಲ್ಲ. ನಿಜವಾದ ದಟ್ಟಣೆ ಇರುವುದು ಡೇಟಾ ಕೇಂದ್ರದ ಗೋಡೆಗಳ ಒಳಗೆ, ಸಾವಿರಾರು ಸಂಸ್ಕಾರಕಗಳ (ಪ್ರೊಸೆಸರ್) ನಡುವೆ, ಮತ್ತು ಒಂದು ಕೇಂದ್ರದಿಂದ ಇನ್ನೊಂದಕ್ಕೆ. ಅಲ್ಲಿ ಸೆಕೆಂಡಿಗೆ 400 ಮತ್ತು 800 ಗಿಗಾಬಿಟ್‌ನ ಕೊಂಡಿಗಳಿಗೆ ಇರುವ ಬೇಡಿಕೆ ವಾಸ್ತವವಾದದ್ದು. ಅದನ್ನು ಮುಧೋಳದ ಮನೆಯ ಸಂಪರ್ಕಕ್ಕೂ ಅನ್ವಯಿಸಿ ಹೇಳಿದಾಗ ಮಾತು ಹದ ತಪ್ಪುತ್ತದೆ.

ಹೀಗೆ ಹದ ತಪ್ಪಿದ ಲೆಕ್ಕಕ್ಕೆ ಈ ಉದ್ಯಮ ಒಮ್ಮೆ ಭಾರಿ ಬೆಲೆ ತೆತ್ತಿದೆ. 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಇಂಟರ್‌ನೆಟ್ ದಟ್ಟಣೆ ಪ್ರತಿ ನೂರು ದಿನಕ್ಕೆ ಇಮ್ಮಡಿಯಾಗುತ್ತಿದೆ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ವರ್ಲ್ಡ್‌ಕಾಮ್ ಎಂಬ ದೂರಸಂಪರ್ಕ ಕಂಪನಿಯ ವಲಯದಿಂದ ಹೊರಟ ಅದು 1998ರಲ್ಲಿ ಅಲ್ಲಿನ ವಾಣಿಜ್ಯ ಇಲಾಖೆಯ ವರದಿಯೊಳಗೂ ಸೇರಿಕೊಂಡಿತು. ನೂರು ದಿನಕ್ಕೆ ಇಮ್ಮಡಿ ಎಂದರೆ ವರ್ಷಕ್ಕೆ ಹನ್ನೆರಡು ಪಟ್ಟು. ಎಟಿ ಅಂಡ್ ಟಿ ಪ್ರಯೋಗಾಲಯದಲ್ಲಿದ್ದ ಕೆರಿ ಕಾಫ್‌ಮನ್ ಮತ್ತು ಆಂಡ್ರ್ಯೂ ಒಡ್ಲಿಜ್ಕೊ ಸಿಕ್ಕ ಅಂಕಿಗಳನ್ನೆಲ್ಲ ಜೋಡಿಸಿ ನೋಡಿದಾಗ, 1995 ಮತ್ತು 1996ರಲ್ಲಿ ಮಾತ್ರ ಅಂಥ ವೇಗವಿತ್ತೆಂದೂ ಆನಂತರ ದಟ್ಟಣೆ ಸರಿಸುಮಾರು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತಿದೆಯೆಂದೂ ಕಂಡುಬಂತು. ವರ್ಷಕ್ಕೆ ಇಮ್ಮಡಿಯೂ ಕಡಿಮೆ ವೇಗವೇನಲ್ಲ. ಆದರೆ ಮೂರು ವರ್ಷಗಳ ಕೊನೆಯಲ್ಲಿ ಎಂಟು ಪಟ್ಟಿಗೂ ಎರಡು ಸಾವಿರ ಪಟ್ಟಿಗೂ ಇರುವ ಅಂತರದಲ್ಲಿ ಕೇಬಲ್ ಹಾಕಲು ಸುರಿದ ಎಷ್ಟು ಬಂಡವಾಳ ಮುಳುಗಬಹುದೋ ಅಷ್ಟೂ ಮುಳುಗಿತು. ಸಾಲದ್ದಕ್ಕೆ, ಫೈಬರ್‌ನ ಒಂದೇ ಗಾಜಿನ ಎಳೆಯಲ್ಲಿ ಹಲವು ಬಣ್ಣದ ಬೆಳಕನ್ನು ಏಕಕಾಲಕ್ಕೆ ಹರಿಸುವ ತಂತ್ರ ಅದೇ ಹೊತ್ತಿಗೆ ಪಕ್ವವಾಗಿ, ಹಾಕಿದ್ದ ಪ್ರತಿ ಎಳೆಯ ಸಾಮರ್ಥ್ಯ ಹತ್ತಾರು ಪಟ್ಟು ಹೆಚ್ಚಿತು. ನೆಲದಡಿಯ ಫೈಬರ್‌ನ ಬಹುಪಾಲು ಬೆಳಕನ್ನೇ ಕಾಣದೆ ಉಳಿಯಿತು. 2002ರ ಜನವರಿಯಲ್ಲಿ ಕೇಬಲ್ ಕಂಪನಿ ಗ್ಲೋಬಲ್ ಕ್ರಾಸಿಂಗ್, ಜುಲೈನಲ್ಲಿ ವರ್ಲ್ಡ್‌ಕಾಮ್ ದಿವಾಳಿ ಅರ್ಜಿ ಹಾಕಿದವು. ಅದರ ಲಾಭ ಪಡೆದವರಲ್ಲಿ ನಾವೂ ಇದ್ದೇವೆ: ಆ ಹೊತ್ತಿಗೆ ಟಾಟಾ ಸಮೂಹದ ಕೈಯಲ್ಲಿದ್ದ ವಿದೇಶ ಸಂಚಾರ ನಿಗಮ (ವಿಎಸ್‌ಎನ್‌ಎಲ್), ಸುಮಾರು 60,000 ಕಿಲೊಮೀಟರ್ ಉದ್ದದ ಟೈಕೊ ಸಮುದ್ರ ಕೇಬಲ್ ಜಾಲವನ್ನು ಕೇವಲ 13 ಕೋಟಿ ಡಾಲರ್‌ಗೆ ಕೊಳ್ಳುವ ಒಪ್ಪಂದವನ್ನು 2004ರಲ್ಲಿ ಮಾಡಿಕೊಂಡಿತು.

ನಿಮ್ಮ ಆಯ್ಕೆಗೆ ಬರುವುದಾದರೆ, ಕ್ಷೇತ್ರವನ್ನು ಬಿಡುವ ಅಗತ್ಯವಿಲ್ಲ. ದಟ್ಟಣೆ ಶೇ 14ರಂತೆ ಬೆಳೆದರೂ ಐದಾರು ವರ್ಷಗಳಲ್ಲಿ ಅದು ಇಮ್ಮಡಿಯಾಗುತ್ತದೆ, ಮತ್ತು ಆ ಇಮ್ಮಡಿಯನ್ನು ಹೆಚ್ಚು ದುಡ್ಡು ಕೊಡಲು ಒಪ್ಪದ ಗ್ರಾಹಕರಿಗೆ ಒದಗಿಸಬೇಕಾಗುತ್ತದೆ. ಆದ್ದರಿಂದ ಕಡಿಮೆ ಖರ್ಚಿನಲ್ಲಿ ಜಾಲವನ್ನು ನಡೆಸಬಲ್ಲವರಿಗೆ ಕೆಲಸವಿದೆ. ಬೆಳಕಿನ ಸಂವಹನ, ರೂಟಿಂಗ್, ಲಿನಕ್ಸ್ ಮತ್ತು ಪೈಥಾನ್ ಇವುಗಳನ್ನು ಗಟ್ಟಿಯಾಗಿ ಕಲಿಯಿರಿ. 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾದ ಬಿಎಸ್‌ಎನ್‌ಎಲ್‌ನ 4ಜಿ ಜಾಲದ ರೇಡಿಯೊ ಉಪಕರಣಗಳು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನವು ಎಂಬುದನ್ನು ಗಮನಿಸಿದರೆ, ಉಪಕರಣ ವಿನ್ಯಾಸದ ಕೆಲಸಕ್ಕೆ ದೇಶ ಬಿಡಬೇಕೆಂದೇನೂ ಇಲ್ಲ ಎಂಬುದೂ ತಿಳಿಯುತ್ತದೆ.

ಪ್ರಶ್ನೆ: ನಮ್ಮಲ್ಲಿ ಫೋನಿನ ಮೇಲೆ 5ಜಿ ಎಂದು ಪೂರ್ತಿ ಕಡ್ಡಿ ತೋರಿಸುತ್ತದೆ. ಆದರೆ ರಾತ್ರಿ ಎಂಟರಿಂದ ಹತ್ತರವರೆಗೆ ಒಣದ್ರಾಕ್ಷಿಯ ಮಾದರಿಯ ಫೋಟೊ ಸಹ ವ್ಯಾಪಾರಿಗಳಿಗೆ ಹೋಗುವುದಿಲ್ಲ. ಮುಂದೆ ಇದು ಸುಧಾರಿಸುವುದೋ, ಹದಗೆಡುವುದೋ? (ತಿಕೋಟಾ, ವಿಜಯಪುರ ಜಿಲ್ಲೆ)

ಉತ್ತರ: ಕಡ್ಡಿಗಳು ತೋರಿಸುವುದು ಟವರ್ ಮತ್ತು ಫೋನಿನ ನಡುವಿನ ರೇಡಿಯೊ ಅಲೆಯ ಬಲವನ್ನು ಮಾತ್ರ, ಆ ಅಲೆಯನ್ನು ನಿಮ್ಮೊಂದಿಗೆ ಎಷ್ಟು ಜನ ಹಂಚಿಕೊಂಡಿದ್ದಾರೆ, ಟವರ್‌ನ ಹಿಂದಿನ ದಾರಿ, ಎಂದರೆ ಅಲ್ಲಿಂದ ಮುಖ್ಯ ಜಾಲಕ್ಕೆ ಹೋಗುವ ದಾರಿ, ಎಷ್ಟು ಅಗಲವಿದೆ ಎಂಬುದನ್ನು ಅವು ಹೇಳುವುದಿಲ್ಲ. 20 ಮೆಗಾಹರ್ಟ್ಸ್‌ನ 4ಜಿ ತರಂಗಗುಚ್ಛವೊಂದು ಟವರ್‌ನ ಒಂದು ದಿಕ್ಕಿಗೆ ವಾಸ್ತವದಲ್ಲಿ ಸೆಕೆಂಡಿಗೆ ಸರಾಸರಿ 30ರಿಂದ 40 ಮೆಗಾಬಿಟ್ ಕೊಡುತ್ತದೆ. ಆ ದಿಕ್ಕಿನಲ್ಲಿ ಇಪ್ಪತ್ತೈದು ಜನ ಒಟ್ಟಿಗೆ ವಿಡಿಯೊ ನೋಡಲು ಕುಳಿತರೆ ಅದು ಮುಗಿಯಿತು. 5ಜಿಯಲ್ಲಿ ಎರಡು ಬಗೆಯಿದೆ. 3.5 ಗಿಗಾಹರ್ಟ್ಸ್ ಆಸುಪಾಸಿನ ಅಗಲವಾದ ತರಂಗ ಪಟ್ಟಿ ಹಲವು ನೂರು ಮೆಗಾಬಿಟ್ ಕೊಡುತ್ತದೆ, ಆದರೆ ದೂರ ಸಾಗುವುದಿಲ್ಲ. 700 ಮೆಗಾಹರ್ಟ್ಸ್‌ನ ಪಟ್ಟಿ ಹೊಲ ದಾಟಿ ತೋಟದ ಮನೆಯವರೆಗೂ ಬರುತ್ತದೆ, ಆದರೆ ಕಿರಿದಾದುದು. ಎರಡರಲ್ಲಿ ಯಾವುದು ಬಂದರೂ ಫೋನಿನ ಮೇಲೆ ಮೂಡುವುದು ಒಂದೇ ಗುರುತು.

ಹಿಂದಿನ ದಾರಿಯ ಮಾತು ಇನ್ನೂ ಮುಖ್ಯವಾದುದು. ದೇಶದ ಮೊಬೈಲ್ ಟವರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಇನ್ನೂ ಫೈಬರ್ ಮುಟ್ಟಿಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಮಿಷನ್ ಶೇ 70ರ ಗುರಿ ಇಟ್ಟುಕೊಂಡಿತ್ತು. ಫೈಬರ್ ಇಲ್ಲದ ಟವರ್ ತಟ್ಟೆಯಾಕಾರದ ಮೈಕ್ರೋವೇವ್ ಆಂಟೆನಾದ ಮೂಲಕ ಮುಂದಿನ ಟವರ್‌ಗೆ, ಅದು ಅದರ ಮುಂದಿನದಕ್ಕೆ ದಟ್ಟಣೆಯನ್ನು ದಾಟಿಸುತ್ತದೆ. ಹೊಲದ ಕಾಲುವೆಯ ಕೊನೆಯ ರೈತನಿಗೆ ಮೇಲಿನವರು ಬಿಟ್ಟಷ್ಟೇ ನೀರು ಎನ್ನುವಂತೆ, ಈ ಸರಪಳಿಯ ಕೊನೆಯ ಟವರ್‌ಗೆ ಉಳಿದಷ್ಟೇ ಬ್ಯಾಂಡ್‌ವಿಡ್ತ್.

ನಿಮ್ಮ ತೊಂದರೆ ಯಾವುದೆಂದು ಮನೆಯಲ್ಲೇ ಊಹಿಸಬಹುದು. ಅದೇ ಜಾಗದಲ್ಲಿ ನಸುಕಿನ ಐದಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ವೇಗ ಅಳೆದು ನೋಡಿ. ನಸುಕಿನಲ್ಲಿ ಚೆನ್ನಾಗಿದ್ದು ರಾತ್ರಿ ಕುಸಿದರೆ ಅದು ಹಂಚಿಕೆಯ ತೊಂದರೆ. ಪೂರ್ತಿ ಕಡ್ಡಿಗಳಿದ್ದೂ ಎರಡೂ ಹೊತ್ತಿನಲ್ಲಿ ನಿಧಾನವಿದ್ದರೆ ಟವರ್‌ನ ಹಿಂದಿನ ದಾರಿಯ ಬಗ್ಗೆ ಸಂಶಯಪಡಬಹುದು. ದೂರು ಕೊಡುವಾಗ ಈ ಎರಡು ಅಳತೆಗಳನ್ನು ಸೇರಿಸಿ. ನೆಟ್ ಬರುವುದಿಲ್ಲ ಎಂದಷ್ಟೇ ಬರೆದ ದೂರಿಗೆ ಸಿಗುವ ಉತ್ತರ ನಿಮಗೆ ಗೊತ್ತೇ ಇದೆ.

ಜಾಲಗಳನ್ನು ಕಟ್ಟುವುದು ಸರಾಸರಿ ಬಳಕೆಗಲ್ಲ, ಅತಿ ಹೆಚ್ಚು ದಟ್ಟಣೆಯ ಗಂಟೆಗೆ. ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್ ಕೋಪನ್‌ಹೇಗನ್‌ನ ದೂರವಾಣಿ ಕಂಪನಿಯಲ್ಲಿದ್ದುಕೊಂಡು 1909ರಿಂದ ಈ ಗಣಿತವನ್ನು ಕಟ್ಟಿದರು. ಇಂದಿಗೂ ಎಂಜಿನಿಯರುಗಳ ಲೆಕ್ಕ ಅದೇ ಜಾಡಿನಲ್ಲಿ ಸಾಗುತ್ತದೆ. ಆ ಗಂಟೆಯ ಬೇಡಿಕೆಯನ್ನು ತಣಿಸುವ ಖರ್ಚಿಗೆ ತಕ್ಕ ಆದಾಯ ಆ ಟವರ್‌ನಿಂದ ಬರುತ್ತದೆಯೇ ಎಂದು ಕಂಪನಿ ನೋಡುತ್ತದೆ. ಆದ್ದರಿಂದ ನಿಮ್ಮ ಟವರ್‌ಗೆ ಫೈಬರ್ ಬರುವವರೆಗೆ ಹೊಸ ತಲೆಮಾರಿನ ಹೆಸರುಗಳಿಂದ ದೊಡ್ಡ ಬದಲಾವಣೆಯನ್ನು ನಿರೀಕ್ಷಿಸಬೇಡಿ. ಫೋಟೊಗಳನ್ನು ಸಂಜೆ ಏಳರೊಳಗೆ ಕಳುಹಿಸಿಬಿಡುವುದು ಸದ್ಯದ ಉಪಾಯ.

ಪ್ರಶ್ನೆ: ನಮ್ಮ ರೋಗಪರೀಕ್ಷಾ ಕೇಂದ್ರದ ಸ್ಕ್ಯಾನ್ ಚಿತ್ರಗಳನ್ನು ಬೆಂಗಳೂರಿನ ತಜ್ಞರಿಗೆ ಕಳುಹಿಸಬೇಕಾಗುತ್ತದೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಬೇರೆ ಕಂಪನಿಗಳ ಫೈಬರ್ ಸಂಪರ್ಕ ಪಡೆದಿದ್ದೇವೆ. ಆದರೂ ಎರಡೂ ಒಟ್ಟಿಗೇ ನಿಂತುಹೋಗುತ್ತವೆ. ಇನ್ನೂ ಹೆಚ್ಚಿನ ವೇಗದ ಸಂಪರ್ಕ ತೆಗೆದುಕೊಳ್ಳಬೇಕೇ? (ವಿಜಯಪುರ)

ಉತ್ತರ: ವೇಗಕ್ಕೂ ಇದಕ್ಕೂ ಸಂಬಂಧವಿಲ್ಲ. ಬಿಲ್ಲಿನ ಮೇಲೆ ಎರಡು ಹೆಸರುಗಳಿದ್ದ ಮಾತ್ರಕ್ಕೆ ನೆಲದಲ್ಲಿ ಎರಡು ದಾರಿಗಳಿರುತ್ತವೆ ಎಂದಲ್ಲ. ಒಂದೇ ಕಂಬ, ಒಂದೇ ಅಗೆತ, ಕೆಲವೊಮ್ಮೆ ಒಂದೇ ಕೇಬಲ್‌ನ ಬೇರೆ ಬೇರೆ ಎಳೆಗಳನ್ನು ಹಲವು ಕಂಪನಿಗಳು ಬಾಡಿಗೆಗೆ ಪಡೆದಿರುತ್ತವೆ. ರಸ್ತೆ ಅಗಲಿಸುವ ಜೆಸಿಬಿ ಒಮ್ಮೆ ಕೊಚ್ಚಿದರೆ ಎಲ್ಲವೂ ಹೋಗುತ್ತವೆ. ನಿಮ್ಮ ಊರಿನಿಂದ ಬೆಂಗಳೂರಿನ ಕಡೆಗೆ ಹೋಗುವ ಯಾವ ಕೇಬಲ್ ಆದರೂ ಎಲ್ಲಿಯೋ ಒಂದು ಕಡೆ ಕೃಷ್ಣೆಯನ್ನು ದಾಟಲೇಬೇಕು, ಮತ್ತು ಆಲಮಟ್ಟಿಯ ಹಿನ್ನೀರು ಹರಡಿಕೊಂಡಿರುವ ಆ ಸೀಮೆಯಲ್ಲಿ ದಾಟಲು ಇರುವ ಸೇತುವೆಗಳನ್ನು ಬೆರಳಿನಲ್ಲಿ ಎಣಿಸಬಹುದು. ಹೀಗಾಗಿ ಕಂಪನಿಯನ್ನು ಕೇಳಬೇಕಾದದ್ದು ಎಷ್ಟು ಮೆಗಾಬಿಟ್ ಎಂದಲ್ಲ, ನಿಮ್ಮ ಕೇಬಲ್ ಯಾವ ರಸ್ತೆಯಲ್ಲಿ ಹೋಗುತ್ತದೆ, ಯಾವ ಸೇತುವೆ ದಾಟುತ್ತದೆ ಎಂದು. ಕೊಲ್ಹಾರದ ಕಡೆಯಿಂದ ದಕ್ಷಿಣಕ್ಕೆ ಹೋಗುವ ದಾರಿ ಒಂದಾದರೆ, ಸೊಲ್ಲಾಪುರದ ಕಡೆಗೆ ಉತ್ತರಕ್ಕೆ ಹೊರಡುವ ದಾರಿಯ ಸಂಪರ್ಕ ಇನ್ನೊಂದಿರಲಿ. ಅದು ಬೆಂಗಳೂರಿಗೆ ಸುತ್ತು ಬಳಸಿ ಹೋದರೂ ಚಿಂತೆಯಿಲ್ಲ. ಗಾಜಿನೆಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೊಮೀಟರ್ ಸಾಗುತ್ತದೆ. ಸಾವಿರ ಕಿಲೊಮೀಟರ್ ಹೆಚ್ಚಾದರೆ ಐದು ಮಿಲಿಸೆಕೆಂಡಿನ ವಿಳಂಬ, ಅಷ್ಟೆ.

ಎರಡನೆಯ ದಾರಿ ಸಿಗದಿದ್ದರೆ, ಮೈಕ್ರೋವೇವ್ ಮೂಲಕ ನಡೆಯುವ ಒಂದು ಮೊಬೈಲ್ ಸಂಪರ್ಕವನ್ನಾದರೂ ಇಟ್ಟುಕೊಳ್ಳಿ; ನಿಧಾನವಾದರೂ ಅದು ಜೆಸಿಬಿಗೆ ಸಿಗುವುದಿಲ್ಲ. ಅಗೆಯುವ ಮುನ್ನ ಕೇಬಲ್ ಮಾಲೀಕರಿಗೆ ತಿಳಿಸಲೆಂದು 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ತಂದಿದೆ. ಅದನ್ನು ತೆರೆದು ನೋಡುವ ಗುತ್ತಿಗೆದಾರರು ಹೆಚ್ಚಲಿ ಎಂದು ಹಾರೈಸೋಣ. ನನ್ನ ಅಭಿಪ್ರಾಯದಲ್ಲಿ ಈ ಮೂರು ಜಿಲ್ಲೆಗಳ ಮುಂದಿನ ಹತ್ತು ವರ್ಷಗಳ ನಿಜವಾದ ಬೇಡಿಕೆ ಇಂಥ ಎರಡನೆಯ ದಾರಿಗಳಿಗೇ ಹೊರತು ಮೊದಲನೆಯ ದಾರಿಯ ಅಗಲಕ್ಕಲ್ಲ.

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿಗೆ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ ಭಾರತ್‌ನೆಟ್ ಯೋಜನೆಯ ಕೇಬಲ್ ಬಂದು ಬಹಳ ವರ್ಷಗಳಾದವು. ಅದು ಈಗ ಹಳೆಯದಾಗಿದೆ, ಮುಂದಿನ ಬೇಡಿಕೆಗೆ ಸಾಲದು ಎನ್ನುತ್ತಾರೆ. ನಿಜವೇ? (ಹುನಗುಂದ ತಾಲ್ಲೂಕು)

ಉತ್ತರ: ಹಳೆಯದಾಗುವುದು ಎರಡು ತುದಿಗಳ ಪೆಟ್ಟಿಗೆಗಳೇ ಹೊರತು ಗಾಜಿನ ಎಳೆಯಲ್ಲ. ಪಂಚಾಯಿತಿಗೆ 100 ಮೆಗಾಬಿಟ್ ಎಂಬ ಲೆಕ್ಕದಲ್ಲಿ ಹಾಕಿದ ಅದೇ ಎಳೆ, ಉಪಕರಣ ಬದಲಿಸಿದರೆ ಸೆಕೆಂಡಿಗೆ 10 ಗಿಗಾಬಿಟ್ ಒಯ್ಯುತ್ತದೆ. ಸೋರಿಕೆಯಿರುವುದು ಕೆಟ್ಟ ಜೋಡಣೆಗಳಲ್ಲಿ, ನೀರು ಹೊಕ್ಕ ಪೆಟ್ಟಿಗೆಗಳಲ್ಲಿ ಮತ್ತು ವಿದ್ಯುತ್ ಇಲ್ಲದೆ ಕಪಾಟಿನಲ್ಲಿ ಬೀಗ ಹಾಕಿದ ಯಂತ್ರಗಳಲ್ಲಿ. ಮೊದಲ ಹಂತದ ಕೇಬಲ್ ತಾಲ್ಲೂಕಿನಿಂದ ಪಂಚಾಯಿತಿಗೆ ಒಂಟಿ ಎಳೆಯಂತೆ ಹೋಗುತ್ತಿತ್ತು. ನಡುವೆ ಕಡಿದರೆ ಮುಂದಿನದೆಲ್ಲ ಕತ್ತಲು. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆಯು ಪಂಚಾಯಿತಿಗಳನ್ನು ಉಂಗುರದಂತೆ ಜೋಡಿಸಬೇಕೆನ್ನುತ್ತದೆ. ನಿಮ್ಮ ಪಂಚಾಯಿತಿ ಆ ಉಂಗುರದಲ್ಲಿದೆಯೇ, ಹತ್ತು ವರ್ಷಗಳ ನಿರ್ವಹಣೆಯ ಹೊಣೆ ಯಾರದು ಎಂಬ ಎರಡು ಪ್ರಶ್ನೆಗಳನ್ನು ಸಭೆಯಲ್ಲಿ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.

ಪ್ರಶ್ನೆ: 6ಜಿ ಬರುವವರೆಗೆ ಹೊಸ ಫೋನ್ ಕೊಳ್ಳದೆ ಕಾಯಬಹುದೇ? (ಬೆಳಗಾವಿ)

ಉತ್ತರ: ಬೇಡ. ಮಾನದಂಡಗಳು ಸಿದ್ಧವಾಗಿ ಸೇವೆ ಆರಂಭವಾಗುವುದು 2030ರ ಸುಮಾರಿಗೆ.

ಪ್ರಶ್ನೆ: ಖಾನಾಪುರದ ಕಾಡಂಚಿನ ನಮ್ಮ ಊರಿನಲ್ಲಿ ಫೋನ್ ಮಾಡಲು ದಿಬ್ಬ ಹತ್ತಬೇಕು. ಉಪಗ್ರಹ ಇಂಟರ್‌ನೆಟ್ ಬಂದರೆ ಟವರ್, ಫೈಬರ್ ಯಾವುದೂ ಬೇಕಾಗುವುದಿಲ್ಲವಲ್ಲವೇ? (ಖಾನಾಪುರ ತಾಲ್ಲೂಕು)

ಉತ್ತರ: ನಿಮ್ಮಂಥ ಊರುಗಳಿಗೆ ಅದು ಉಪಯುಕ್ತ, ಆದರೆ ಟವರ್‌ಗೆ ಬದಲಿಯಲ್ಲ. ಹಳೆಯ ಬಗೆಯ ಉಪಗ್ರಹಗಳು ಸುಮಾರು 36,000 ಕಿಲೊಮೀಟರ್ ಎತ್ತರದಲ್ಲಿರುವುದರಿಂದ ಮಾತು ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಸ್ಟಾರ್‌ಲಿಂಕ್‌ನಂಥವು 550 ಕಿಲೊಮೀಟರ್ ಆಸುಪಾಸಿನಲ್ಲಿ ಸುತ್ತುತ್ತಿರುವುದರಿಂದ ಆ ವಿಳಂಬ ಬಹಳಷ್ಟು ಕಡಿಮೆಯಾಗಿದೆ. ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿತು. ಒನ್‌ವೆಬ್‌ಗೂ ಜಿಯೊ ಪಾಲುದಾರಿಕೆಯ ಇನ್ನೊಂದು ಕಂಪನಿಗೂ ಅದಕ್ಕೂ ಮುನ್ನವೇ ಸಿಕ್ಕಿತ್ತು.

ಮಿತಿಗಳನ್ನು ತಿಳಿದಿರಬೇಕು. ಉಪಗ್ರಹದ ಒಂದು ಕಿರಣ ಆವರಿಸುವ ನೆಲ ವಿಶಾಲವಾದುದು. ಅಷ್ಟೂ ನೆಲದ ಬಳಕೆದಾರರು ಅದರ ಸಾಮರ್ಥ್ಯವನ್ನು ಹಂಚಿಕೊಳ್ಳುತ್ತಾರೆ. ಆದ್ದರಿಂದ ಮನೆಗಳು ಚದುರಿರುವಲ್ಲಿ ಅದು ಚೆನ್ನಾಗಿ ನಡೆಯುತ್ತದೆ, ಪೇಟೆಯಲ್ಲಿ ಸೋಲುತ್ತದೆ. ಮನೆಯ ಹೊರಗಿಡುವ ತಟ್ಟೆ ಆಂಟೆನಾಕ್ಕೆ ತೆರೆದ ಆಕಾಶ ಬೇಕು. ಭೀಮಗಡದ ಸೆರಗಿನ ದಟ್ಟ ಮರಗಳ ಅಡಿಯಲ್ಲಿ ಅದನ್ನು ಇಡಲು ಜಾಗ ಹುಡುಕಬೇಕಾದೀತು. ಜೋರು ಮಳೆ ಆ ಅಲೆಗಳನ್ನು ಕುಗ್ಗಿಸುತ್ತದೆ, ಖಾನಾಪುರದ ಮಳೆಯ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಪ್ರತಿ ಮನೆಗೆ ತಟ್ಟೆ ಹಾಕುವುದಕ್ಕಿಂತ, ಶಾಲೆ ಅಥವಾ ಆರೋಗ್ಯ ಉಪಕೇಂದ್ರಕ್ಕೆ ಒಂದು ಹಾಕಿ ಊರಿಗೆ ಹಂಚುವುದು ಸೂಕ್ತ. ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಒದಗಿಸಲು 2022ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆಯ ಪಟ್ಟಿಯಲ್ಲಿ ನಿಮ್ಮ ಊರಿದೆಯೇ ಎಂದು ಮೊದಲು ವಿಚಾರಿಸಿ.

ಪ್ರಶ್ನೆ: ಗೋಕಾಕದಲ್ಲಿ ಕೇಬಲ್ ಟಿವಿ ನಡೆಸುತ್ತಿದ್ದೇನೆ, ಈಗ ಫೈಬರ್ ಇಂಟರ್‌ನೆಟ್‌ಗೆ ಬದಲಾಗುತ್ತಿದ್ದೇನೆ. ಜಿಪಾನ್ (ಒಂದೇ ಫೈಬರ್ ಎಳೆಯನ್ನು ಹಲವು ಮನೆಗಳಿಗೆ ಹಂಚುವ ವ್ಯವಸ್ಥೆ) ಉಪಕರಣ ಹಳತಾಯಿತು, 10 ಗಿಗಾಬಿಟ್‌ನ ಎಕ್ಸ್‌ಜಿಎಸ್-ಪಾನ್ ಹಾಕಿ ಎಂದು ಮಾರಾಟಗಾರರು ಒತ್ತಾಯಿಸುತ್ತಾರೆ. ಸಾಲ ಮಾಡಿ ಹಾಕಬೇಕೇ? (ಗೋಕಾಕ)

ಉತ್ತರ: ಸಾಲ ಮಾಡುವಷ್ಟು ಅವಸರ ಇಲ್ಲ. ಜಿಪಾನ್‌ನ ಒಂದು ಪೋರ್ಟ್ ಸೆಕೆಂಡಿಗೆ 2.5 ಗಿಗಾಬಿಟ್ ಇಳಿಸುತ್ತದೆ, 1.25 ಗಿಗಾಬಿಟ್ ಏರಿಸುತ್ತದೆ. 64 ಮನೆಗಳಿಗೆ ಹಂಚಿದರೂ, ಎಲ್ಲರೂ ಒಂದೇ ಕ್ಷಣದಲ್ಲಿ ಎಳೆದಾಗ ಮನೆಗೆ 39 ಮೆಗಾಬಿಟ್ ಸಿಗುತ್ತದೆ. ಎಲ್ಲರೂ ಹಾಗೆ ಒಟ್ಟಿಗೆ ಎಳೆಯುವುದಿಲ್ಲ, ರಾತ್ರಿಯ ದಟ್ಟಣೆಯಲ್ಲೂ ಮನೆಯೊಂದರ ಸರಾಸರಿ ಕೆಲವೇ ಮೆಗಾಬಿಟ್. ವರ್ಷಕ್ಕೆ ಶೇ 20ರಂತೆ ಬೆಳೆದರೂ ಇದು ಹಲವು ವರ್ಷ ಸಾಕು. ನಿಮ್ಮಲ್ಲಿ ಇಕ್ಕಟ್ಟಾಗುವುದು ಪೋರ್ಟ್ ಅಲ್ಲ, ನೀವು ಮೇಲಿನವರಿಂದ ಕೊಳ್ಳುವ ಸಗಟು ಬ್ಯಾಂಡ್‌ವಿಡ್ತ್. ತಿಂಗಳಿಗೊಮ್ಮೆ ರಾತ್ರಿ ಒಂಬತ್ತರ ಗ್ರಾಫ್ ನೋಡಿ, ಬಳಕೆ ಕೊಂಡದ್ದರ ಶೇ 70 ಮುಟ್ಟಿದಾಗ ಹೆಚ್ಚಿಸಿ.

ಎಕ್ಸ್‌ಜಿಎಸ್-ಪಾನ್ ಬಳಸುವ ಬೆಳಕಿನ ತರಂಗಾಂತರಗಳೇ ಬೇರೆ: ಜಿಪಾನ್ 1490 ಮತ್ತು 1310 ನ್ಯಾನೊಮೀಟರ್‌ನಲ್ಲಿ ನಡೆದರೆ ಅದು 1577 ಮತ್ತು 1270ರಲ್ಲಿ ನಡೆಯುತ್ತದೆ. ಹೀಗಾಗಿ ಇಂದು ಹಾಕಿದ ಅದೇ ಎಳೆ, ಬೆಳಕನ್ನು ಮನೆಗಳಿಗೆ ಕವಲಾಗಿಸುವ ಅದೇ ಸ್ಪ್ಲಿಟರ್ ಮೇಲೆ ಎರಡೂ ಒಟ್ಟಿಗೆ ಓಡುತ್ತವೆ, ಮತ್ತು ಬೇಕಾದ ಗ್ರಾಹಕರಿಗೆ ಮಾತ್ರ ನಾಳೆ ಬದಲಿಸಬಹುದು. ಎರಡನ್ನೂ ಒಪ್ಪುವ ಕಾಂಬೊ ಕಾರ್ಡ್‌ಗೆ ಜಾಗವಿರುವ ಒಎಲ್‌ಟಿ (ನಿಮ್ಮ ಕಡೆಯ ತುದಿಯಲ್ಲಿಡುವ ಮುಖ್ಯ ಯಂತ್ರ) ಸಿಕ್ಕರೆ ತೆಗೆದುಕೊಳ್ಳಿ, ಕಾರ್ಡ್ ಸದ್ಯಕ್ಕೆ ಬೇಡ. ಉಳಿದ ಹಣವನ್ನು ಒಳ್ಳೆಯ ಜೋಡಣೆ ಯಂತ್ರಕ್ಕೆ, ಪ್ರತಿ ಬೀದಿಗೆ ನಾಲ್ಕು ಎಳೆ ಹೆಚ್ಚಿಗೆ ಹಾಕುವುದಕ್ಕೆ, ಒಎಲ್‌ಟಿ ಕೋಣೆಯ ಬ್ಯಾಟರಿಗೆ ಹಾಕಿ. ಕರೆಂಟ್ ಹೋದಾಗಲೂ ನೆಟ್ ನಡೆಯುತ್ತಿದ್ದರೆ ಪಕ್ಕದ ಬೀದಿಯ ಗ್ರಾಹಕರು ತಾವಾಗಿಯೇ ವಿಚಾರಿಸಿಕೊಂಡು ಬರುತ್ತಾರೆ.